ಕೈಯಿಲ್ಲದ ಮೀನಿಗೆ ಮೈಯೆಲ್ಲ ತುರಿಕೆ

ಬಾರ್ಕೂರಿನಲ್ಲಿ ದನಕ್ಕೆ ಮೈ ತುರಿಸಿಕೊಳ್ಳಲು ಕಲ್ಲಿನ ಬರವಿಲ್ಲ. ಆಳುಪರ ರಾಜಧಾನಿಯಾಗಿ, ಆಮೇಲೆ ವಿಜಯನಗರದ ಕಾಲಕ್ಕೆ ಬಾರಕೂರು ರಾಜ್ಯದ ಕೇಂದ್ರವಾಗಿ ಮೆರೆದ ಊರಿದು. ಕೋಟೆಕೇರಿ, ಮೂಡುಕೇರಿ, ಮಣಿಗಾರಕೇರಿ, ಚೌಳಿಕೇರಿ ಎಂದು ಕೇರಿ ಕೇರಿಗೂ ಗುಡಿ, ಕತ್ತಲೆ ಬಸದಿಯಂಥ ಬಸದಿ, ಒಡೆದ ಕಂಬ, ಶಾಸನದ ಕಲ್ಲು. ಮೇಯಲು ಬಿಟ್ಟ ಹಸು ಇಂಥದ್ದೊಂದು ಕಲ್ಲಿಗೆ ಕತ್ತು ಉಜ್ಜಿ ಅರೆಗಣ್ಣಾಗಿ ನಿಂತರೆ ಯಾರೂ ತಿರುಗಿ ನೋಡುವುದಿಲ್ಲ. ಅದೇ ಕೇರಿಯ ಮನೆಯೊಂದರ ಜಗಲಿಯಲ್ಲಿ, ಎರಡಡಿ ಉದ್ದದ ಗಾಜಿನ ತೊಟ್ಟಿಯೊಳಗೆ ಗೋಲ್ಡ್‌ಫಿಶ್ ಒಂದು ಕಲ್ಲಿಗೆ ಮೈ ಉಜ್ಜಿತೋ, ಮನೆಮಂದಿಗೆಲ್ಲ ಗಾಬರಿ. ನೆರೆಮನೆಯವರಿಗೆ ಮಾತ್ರ ನಗು: "ಎಂತ ಮಾರಾಯ್ರೆ, ಮೀನಿಗೂ ತುರ್ಸತ್ತಾ?"

ತುರಿಸುತ್ತದೆ. ಆದರೆ ಹಸುವಿನ ಹಾಗೆ ನಿಧಾನವಾಗಿ, ಸುಖಪಡುತ್ತಾ ಅಲ್ಲ. ತೊಟ್ಟಿಯ ನಡುವೆ ಸುಮ್ಮನೆ ಈಜುತ್ತಿದ್ದ ಮೀನು ಏನೋ ನೆನಪಾದಂತೆ ತಟ್ಟನೆ ಓರೆಯಾಗುತ್ತದೆ, ಬಾಣದಂತೆ ಕೆಳಕ್ಕೆ ನುಗ್ಗಿ ಜಲ್ಲಿಯ ಮೇಲೋ ಫಿಲ್ಟರಿನ ಕೊಳವೆಯ ಮೇಲೋ ಪಕ್ಕೆಯನ್ನು ಸವರಿಕೊಂಡು ಮತ್ತೆ ಮೇಲಕ್ಕೆ ಬರುತ್ತದೆ. ಎಲ್ಲ ಒಂದು ಸೆಕೆಂಡಿನ ಮಾತು. ಓರೆಯಾದ ಆ ಗಳಿಗೆಯಲ್ಲಿ ಬೆಳ್ಳಗಿನ ಪಕ್ಕೆಗೆ ಬೆಳಕು ಬಿದ್ದು ಫಳ್ ಎನ್ನುತ್ತದೆ. ಇಂಗ್ಲಿಷಿನ ಮೀನುಸಾಕಣೆದಾರರು ಇದನ್ನು 'ಫ್ಲ್ಯಾಷಿಂಗ್' ಎನ್ನುವುದು ಈ ಮಿಂಚಿಗಾಗಿಯೇ.

ದಿನಕ್ಕೊಮ್ಮೆ ಹೀಗೆ ಮಾಡಿದರೆ ಚಿಂತೆಯಿಲ್ಲ. ತೊಟ್ಟಿಯಾಚೆಯ ಮೀನುಗಳೂ ಮಾಡುತ್ತವೆ. ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಥಾಂಪ್ಸನ್ ಮತ್ತು ಜೆಸಿಕಾ ಮ್ಯೂವಿಗ್ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೆರೆದ ಸಮುದ್ರದ ಟ್ಯೂನಾ ಮೀನುಗಳು ಶಾರ್ಕಿನ ಮೈಗೆ ಮೈ ತಿಕ್ಕಿಕೊಳ್ಳುವ ದೃಶ್ಯಗಳಿವೆ. ಶಾರ್ಕಿನ ಚರ್ಮ ಮರಳುಕಾಗದದಷ್ಟು ಒರಟು. ನಡುಗಡಲಿನಲ್ಲಿ ಕಲ್ಲೆಲ್ಲಿ, ಕಂಬವೆಲ್ಲಿ? ನುಂಗುವ ಬಾಯಿಂದ ದೂರವಾಗಿ ಶಾರ್ಕಿನ ಹಿಂಬದಿಗೆ ಹೋಗಿ ತಿಕ್ಕಿಕೊಳ್ಳುವಷ್ಟು ತುರಿಕೆ ಅವಕ್ಕೆ. ತೊಟ್ಟಿಯ ಮೀನು ನಿಮಿಷಕ್ಕೆರಡು ಸಲ ಹಾಗೆ ಮಾಡಿದಾಗ, ಒಂದರ ಹಿಂದೆ ಒಂದರಂತೆ ಎಲ್ಲ ಮೀನುಗಳೂ ಶುರುಮಾಡಿದಾಗ ಕುರ್ಚಿ ಎಳೆದುಕೊಂಡು ಕೂತು ನೋಡಬೇಕಾಗುತ್ತದೆ.

ಮೀನಿನ ಚರ್ಮ ನಮ್ಮದರಂತಲ್ಲ. ನಮ್ಮ ಮೈಯ ಹೊರಪದರ ಸತ್ತ ಕೋಶಗಳ ಹಾಸು. ಕೆರೆದರೆ ಬಿಳಿ ಹುಡಿ ಉದುರುತ್ತದೆ, ಅಷ್ಟೆ. ಮೀನಿನಲ್ಲಿ ಹುರುಪೆಯ ಮೇಲೂ ತೆಳ್ಳನೆಯ ಜೀವಂತ ಚರ್ಮವಿದೆ, ಅದರ ಮೇಲೆ ಲೋಳೆ. ಮೀನು ಕೊಯ್ಯುವಾಗ ಕೈಗೆ ಅಂಟಿ, ಬೂದಿ ಹಚ್ಚಿ ಉಜ್ಜುವಂತೆ ಮಾಡುವ ಆ ಲೋಳೆಯೇ ಮೀನಿನ ಮೊದಲ ಕೋಟೆ. ರೋಗಾಣುಗಳನ್ನು ಒಡೆಯುವ ಕಿಣ್ವಗಳೂ ಪ್ರತಿಕಾಯಗಳೂ ಅದರಲ್ಲಿವೆ. ಕಲ್ಲಿಗೆ ಉಜ್ಜಿದಷ್ಟೂ ಕೋಟೆ ಕರಗುತ್ತದೆ, ಒಡೆದ ಜಾಗದಲ್ಲಿ ಬೂಷ್ಟು ಕೂರುತ್ತದೆ. ಒಂದು ತುರಿಕೆ ನಾಲ್ಕು ದಿನದಲ್ಲಿ ಹುಣ್ಣಾಗುವುದು ಹೀಗೆ.

ಮೀನಿಗೆ ಉರಿ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆಗೂ ಈ ಉಜ್ಜಾಟವೇ ಸಾಕ್ಷಿ ಹೇಳಿದೆ. 2003ರಲ್ಲಿ ಎಡಿನ್‌ಬರೋ ಬಳಿಯ ರಾಸ್ಲಿನ್ ಸಂಸ್ಥೆಯಲ್ಲಿ ಲಿನ್ ಸ್ನೆಡ್ಡನ್ ಮತ್ತು ಸಂಗಡಿಗರು ಟ್ರೌಟ್ ಮೀನಿನ ತುಟಿಗೆ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನ ಹುಳಿಯನ್ನು ಚುಚ್ಚಿದರು. ಮೀನಿನ ಉಸಿರು ಏರಿತು, ಅದು ಮೇವು ಬಿಟ್ಟಿತು, ತೊಟ್ಟಿಯ ತಳಕ್ಕಿಳಿದು ತುಟಿಯನ್ನು ಜಲ್ಲಿಗೆ ಉಜ್ಜತೊಡಗಿತು. ಅದು ನಾವು ಅನುಭವಿಸುವಂಥ ನೋವೇ ಎಂಬ ವಾದ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ. ಬಾಯಿಗೆ ಮೆಣಸಿನ ಕೈ ತಾಗಿಸಿಕೊಂಡ ಮಗು ಏನು ಮಾಡುತ್ತದೆಂದು ಬಲ್ಲವರಿಗೆ ಆ ವಾದ ತುಸು ವಿಚಿತ್ರವಾಗಿ ಕಂಡೀತು.

ಹಾಗಾದರೆ ಬಾರ್ಕೂರಿನ ಜಗಲಿಯ ತೊಟ್ಟಿಯಲ್ಲಿ ಮೀನಿನ ಮೈಗೆ ಹುಳಿ ಚುಚ್ಚಿದವರು ಯಾರು? ಅನೇಕ ಸಲ ಅದು ಮನೆಯ ಬಾವಿಯೇ.

ಇಲ್ಲಿನ ನೆಲ ಮುರಕಲ್ಲಿನದು. ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರು ಸುತ್ತಿ 1801ರಲ್ಲಿ ಕೆನರಾ ಕರಾವಳಿಯನ್ನು ಹಾದುಹೋದ. ಮಲಬಾರಿನ ಅಂಗಾಡಿಪುರದ ಬಳಿ ಜನ ನೆಲದಿಂದಲೇ ಇಟ್ಟಿಗೆಯಂತೆ ಕಡಿದು ತೆಗೆಯುತ್ತಿದ್ದ ಕೆಂಪುಕಲ್ಲನ್ನು ಕಂಡು, ಲ್ಯಾಟಿನ್ನಿನ ಇಟ್ಟಿಗೆ ಎಂಬ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಿಂದ ಆ ಹೆಸರು ಲೋಕಕ್ಕೆಲ್ಲ ಹಬ್ಬಿತು. ಇದೇ ಬುಕಾನನ್ ಮುಂದೆ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು 1822ರಲ್ಲಿ ಗಂಗಾ ನದಿಯ ಮೀನುಗಳ ಮೇಲೆ ದೊಡ್ಡ ಪುಸ್ತಕ ತಂದ. ಇಂದು ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಜೀಬ್ರಾ ಡ್ಯಾನಿಯೊ, ರೋಸಿ ಬಾರ್ಬ್, ಕುಳ್ಳ ಗೌರಾಮಿಗಳಿಗೆ ವೈಜ್ಞಾನಿಕ ಹೆಸರು ಸಿಕ್ಕಿದ್ದು ಆ ಪುಸ್ತಕದಲ್ಲಿ. ಮುರಕಲ್ಲಿಗೂ ತೊಟ್ಟಿಯ ಮೀನಿಗೂ ಒಬ್ಬನೇ ನಾಮಕರಣ ಮಾಡಿದ್ದು ಕಾಕತಾಳೀಯ. ಆ ಕಲ್ಲು ಆ ಮೀನಿಗೆ ತೊಂದರೆ ಕೊಡುವುದಕ್ಕೆ ಮಾತ್ರ ಕಾರಣವಿದೆ.

ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಸುರಿಯುವ ಉಡುಪಿ ಜಿಲ್ಲೆಯಲ್ಲಿ ಆ ನೀರು ಸಾವಿರಾರು ವರ್ಷ ಮುರಕಲ್ಲಿನೊಳಗೆ ಇಳಿದಿಳಿದು ಸುಣ್ಣದ ಅಂಶವನ್ನೆಲ್ಲ ತೊಳೆದು ಸಮುದ್ರಕ್ಕೆ ಒಯ್ದಿದೆ. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ. ಹಾಗಾಗಿ ಇಲ್ಲಿನ ಬಾವಿನೀರು ಸಾಮಾನ್ಯವಾಗಿ ಬಲು ಮೃದು; ಸೋಪು ನೊರೆನೊರೆಯಾಗುತ್ತದೆ, ಬೇಳೆ ಬೇಗ ಬೇಯುತ್ತದೆ. ಜೊತೆಗೆ ತುಸು ಹುಳಿ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರೊಳಗಿರಬೇಕೆಂದು ಭಾರತೀಯ ಮಾನಕ ಹೇಳಿದರೆ, ಕರಾವಳಿಯ ಮುರಕಲ್ಲಿನ ಅನೇಕ ಬಾವಿಗಳ ನೀರು ಅದಕ್ಕಿಂತ ಕೆಳಗೆ, 6ರ ಸುತ್ತಮುತ್ತ ನಿಲ್ಲುತ್ತದೆ. ಕುಡಿಯುವವರಿಗೆ ಅದರಿಂದೇನೂ ತೊಂದರೆ ಕಾಣದು, ಇಂಥ ನೀರಿನಲ್ಲಿ ಮಾಡಿದ ಚಹಾದ ರುಚಿಗೆ ಸೋತವರೇ ಹೆಚ್ಚು. ತೊಟ್ಟಿಯಲ್ಲಿ ಮಾತ್ರ ಕತೆ ಬೇರೆಯಾಗುತ್ತದೆ.

ಮೀನು ಕಿವಿರಿನಿಂದ ಅಮೋನಿಯಾ ಹೊರಹಾಕುತ್ತದೆ. ತಿನ್ನದೆ ಉಳಿದ ಮೇವು ಕೊಳೆತರೂ ಅಮೋನಿಯಾವೇ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟು, ಆಮೇಲೆ ನೈಟ್ರೇಟು ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳ ಸಂಸಾರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ದಿನವೇ ಹನ್ನೆರಡು ಮೀನು ಬಿಟ್ಟ ಮನೆಯಲ್ಲಿ ಎರಡನೇ ವಾರ ತುರಿಕೆ ಕಾಣಿಸಿಕೊಳ್ಳುವುದರ ಗುಟ್ಟು ಇದು. ತೊಟ್ಟಿ ಹಳೆಯದಾದರೆ ಇನ್ನೊಂದು ಬಗೆಯ ಕಾಟ. ಅಮೋನಿಯಾವನ್ನು ಜೀರ್ಣಿಸುವಾಗ ಬ್ಯಾಕ್ಟೀರಿಯಾಗಳು ಆಮ್ಲವನ್ನು ಬಿಡುತ್ತವೆ. ಬಯಲುಸೀಮೆಯ ಗಡಸು ಬೋರ್‌ವೆಲ್ ನೀರಾದರೆ ಅದರಲ್ಲಿನ ಸುಣ್ಣ ಆ ಆಮ್ಲವನ್ನು ನುಂಗಿಬಿಡುತ್ತದೆ. ಬಾರ್ಕೂರಿನ ನೀರಿನಲ್ಲಿ ನುಂಗಲು ಸುಣ್ಣವೆಲ್ಲಿದೆ? ನಾಲ್ಕಾರು ವಾರ ನೀರು ಬದಲಿಸದೆ ಬಿಟ್ಟರೆ ಪಿಎಚ್ 5ರ ಕಡೆ ಜಾರಿ ಮೀನಿನ ಮೈಯೂ ಕಿವಿರೂ ಉರಿಯತೊಡಗುತ್ತವೆ. ಗಾಜಿನಾಚೆಯಿಂದ ನೋಡುವವರಿಗೆ ನೀರು ಸ್ಫಟಿಕದಂತೆ ತಿಳಿಯಾಗಿಯೇ ಇರುತ್ತದೆ.

ಇದಕ್ಕೆ ಕರಾವಳಿಯವರ ಕೈಯಲ್ಲೇ ಒಂದು ಮದ್ದಿದೆ, ಮರುವಾಯಿ ಚಿಪ್ಪು. ಸೀತಾ ನದಿಯ ಅಳಿವೆಯ ಕಡೆ ಸಿಗುವ ಚಿಪ್ಪನ್ನು ಕುದಿಸಿ, ತೊಳೆದು, ಸಣ್ಣ ಚೀಲದಲ್ಲಿ ಕಟ್ಟಿ ಫಿಲ್ಟರಿನ ಬಳಿ ಇಟ್ಟರೆ ಸುಣ್ಣ ಸ್ವಲ್ಪಸ್ವಲ್ಪವೇ ಕರಗಿ ನೀರನ್ನು ಸ್ಥಿಮಿತದಲ್ಲಿಡುತ್ತದೆ. ಆದರೆ ಅಮೋನಿಯಾ ಈಗಾಗಲೇ ತುಂಬಿರುವ ಹುಳಿ ನೀರಿಗೆ ಒಮ್ಮೆಲೇ ಸುಣ್ಣವನ್ನೋ ಅಡುಗೆ ಸೋಡಾವನ್ನೋ ಸುರಿದವರು ಮರುದಿನ ಬೆಳಿಗ್ಗೆ ಮೀನು ತೇಲುವುದನ್ನು ನೋಡುತ್ತಾರೆ. ಅಮೋನಿಯಾಕ್ಕೆ ಎರಡು ವೇಷ. ಹುಳಿ ನೀರಿನಲ್ಲಿ ಅದು ಬಹುಪಾಲು ಅಷ್ಟೇನೂ ಹಾನಿ ಮಾಡದ ಅಮೋನಿಯಂ ಆಗಿ ತೆಪ್ಪಗಿರುತ್ತದೆ. 25 ಡಿಗ್ರಿ ಶಾಖದ ನೀರಿನಲ್ಲಿ ಪಿಎಚ್ 7 ಇದ್ದಾಗ ಸಾವಿರದಲ್ಲಿ 6 ಭಾಗ ಮಾತ್ರ ವಿಷರೂಪ. ಪಿಎಚ್ 8 ಆದರೆ ಅದು 50ಕ್ಕೂ ಹೆಚ್ಚು. ಅಂದರೆ ವಿಷದ ಮೊತ್ತ ಹೆಚ್ಚಿಲ್ಲ, ವೇಷ ಕಳಚಿದೆ ಅಷ್ಟೆ. ಮೊದಲು ಕಾಲು ಭಾಗ ನೀರು ತೆಗೆದು ಹೊಸ ನೀರು ಹಾಕುವುದು, ಒಂದೆರಡು ದಿನ ಹೀಗೇ ಮಾಡಿ ಆಮೇಲೆ ಚಿಪ್ಪಿನ ಚೀಲ ಇಳಿಸುವುದು ಸರಿಯಾದ ಕ್ರಮ.

ಪೇಟೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ತಂದ ಹೊಸ ಮೀನು ಮನೆಗೆ ಬಂದ ಗಂಟೆಯೊಳಗೆ ಉಜ್ಜಾಡುವುದಕ್ಕೂ ಇದೇ ವೇಷ ಬದಲಾವಣೆ ಕಾರಣವಾಗುವುದುಂಟು. ಬಣ್ಣದ ಮೀನುಗಳ ದೊಡ್ಡ ಸಂತೆ ಚೆನ್ನೈನ ಕೊಳತ್ತೂರು. ಅಂಥ ಕಡೆಯಿಂದ ಆಮ್ಲಜನಕ ತುಂಬಿದ ಚೀಲದಲ್ಲಿ ರಾತ್ರಿಯಿಡೀ ಬರುವ ಮೀನು ತಾನು ಬಿಟ್ಟ ಉಸಿರಿನಿಂದಲೇ ಚೀಲದ ನೀರನ್ನು ಹುಳಿ ಮಾಡಿರುತ್ತದೆ. ಚೀಲದ ಬಾಯಿ ಬಿಚ್ಚಿದಾಗ ಇಂಗಾಲದ ಡೈಆಕ್ಸೈಡು ಹಾರಿ ಪಿಎಚ್ ಏರುತ್ತದೆ, ಅಡಗಿದ್ದ ಅಮೋನಿಯಾ ಎಚ್ಚರಗೊಳ್ಳುತ್ತದೆ. ಬಾವಿಯಿಂದ ಆಗಷ್ಟೇ ಸೇದಿದ ನೀರಿನಲ್ಲೂ ಇಂಗಾಲದ ಡೈಆಕ್ಸೈಡು ಹೆಚ್ಚು, ಆಮ್ಲಜನಕ ಕಡಿಮೆ. ಬಕೆಟಿನಲ್ಲಿ ರಾತ್ರಿಯಿಡೀ ಬಬ್ಲರ್ ಹಾಕಿಟ್ಟು ಬೆಳಿಗ್ಗೆ ಸುರಿದರೆ ಮೀನಿಗೆ ಗೊತ್ತೂ ಆಗುವುದಿಲ್ಲ. ಕೊಡದಿಂದ ನೇರ ತೊಟ್ಟಿಗೆ ಸುರಿದರೆ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಬಾವಿಗಳಿಗೆ ಬ್ಲೀಚಿಂಗ್ ಪೌಡರ್ ಹಾಕುವ ಕ್ರಮವಿದೆ. ಮನುಷ್ಯರ ಹೊಟ್ಟೆಗೆ ಅದು ಒಳ್ಳೆಯದೇ, ಮೀನಿನ ಕಿವಿರಿಗೆ ಮಾತ್ರ ಕ್ಲೋರಿನ್ನಿನ ಸೋಂಕೂ ಆಗದು. ನಿನ್ನೆ ತನಕ ಸರಿಯಿದ್ದ ಮೀನುಗಳೆಲ್ಲ ನೀರು ಬದಲಿಸಿದ ಹತ್ತು ನಿಮಿಷಕ್ಕೆ ಒಟ್ಟೊಟ್ಟಿಗೆ ಉಜ್ಜಾಡತೊಡಗಿದರೆ ರೋಗದ ಪುಸ್ತಕ ತೆರೆಯಬೇಕಾಗಿಲ್ಲ, ಬಾವಿಗೆ ಪೌಡರ್ ಬಿದ್ದದ್ದು ಯಾವಾಗ ಎಂದು ಮನೆಯವರನ್ನು ಕೇಳಿದರೆ ಸಾಕು. ಅಂಗಡಿಗಳಲ್ಲಿ ಆಂಟಿ ಕ್ಲೋರಿನ್ ಎಂದು ಮಾರುವ ಹರಳು ಸೋಡಿಯಂ ಥಯೋಸಲ್ಫೇಟು. ನಾಲ್ಕು ಹರಳಿನಲ್ಲಿ ಮುಗಿಯುವ ಕೆಲಸ ಅದು.

ನೀರು ಸರಿಯಿದ್ದೂ ತುರಿಕೆ ನಿಲ್ಲದಿದ್ದರೆ, ಆಗ ಹುಳುವಿನ ಸರದಿ.

ಇವುಗಳಲ್ಲಿ ಹೆಸರುವಾಸಿಯಾದದ್ದು ಬಿಳಿಚುಕ್ಕೆ ರೋಗ, ಅಂಗಡಿಯವರ ಬಾಯಲ್ಲಿ ವೈಟ್ ಸ್ಪಾಟ್. ಇದನ್ನು ತರುವ ಏಕಕೋಶ ಜೀವಿಗೆ 1876ರಲ್ಲಿ ಫೂಕೆ ಎಂಬ ಫ್ರೆಂಚ್ ವಿಜ್ಞಾನಿ ಇಟ್ಟ ಹೆಸರು ಇಕ್ತಿಯೋಫ್ತಿರಿಯಸ್ ಮಲ್ಟಿಫಿಲಿಸ್. ಬಿಡಿಸಿ ಹೇಳಿದರೆ 'ಬಹುಮಕ್ಕಳ ಮೀನುಹೇನು'. ಬರಿಗಣ್ಣಿಗೆ ಅದು ಮೀನಿನ ರೆಕ್ಕೆಯ ಮೇಲೆ ಅಂಟಿದ ಸಣ್ಣ ರವೆಯ ಕಾಳು. ಒಂದು ಕಾಳನ್ನು ಮೆಲ್ಲನೆ ಕೆರೆದು ಸೂಕ್ಷ್ಮದರ್ಶಕದ ಗಾಜಿನ ಮೇಲಿಟ್ಟರೆ, ದುಂಡನೆಯ ಕಂದು ಗೋಲಿಯೊಂದು ಮೈಸುತ್ತಲಿನ ನವಿರು ರೋಮಗಳನ್ನು ಬಡಿಯುತ್ತ ಸಾವಕಾಶವಾಗಿ ಉರುಳುತ್ತಿರುತ್ತದೆ. ಒಳಗೆ ಕುದುರೆ ಲಾಳದ ಆಕಾರದ ಕೋಶಕೇಂದ್ರ. ಆ ಲಾಳವನ್ನು ಕಂಡವರು ಬೇರೆ ರೋಗವೆಂದು ತಪ್ಪು ತಿಳಿಯುವ ಸಂಭವವಿಲ್ಲ.

ತೊಂದರೆಯಿರುವುದು ಅದರ ಸಂಸಾರದ ರೀತಿಯಲ್ಲಿ. ಮೀನಿನ ಚರ್ಮದಡಿ ಕೂತು ಕೊಬ್ಬಿದ ಜೀವಿ ಕೆಲವು ದಿನಗಳಲ್ಲಿ ಕಳಚಿಕೊಂಡು ತಳಕ್ಕೆ ಬಿದ್ದು, ಸುತ್ತ ಪೊರೆ ಕಟ್ಟಿ, ಒಂದೇ ದಿನದೊಳಗೆ ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳಿಗೆ ಒಂದೆರಡು ದಿನದಲ್ಲಿ ಮೀನು ಸಿಗಬೇಕು, ಇಲ್ಲವಾದರೆ ಸಾಯುತ್ತವೆ. ಔಷಧಿ ಕೆಲಸ ಮಾಡುವುದು ಈಜಾಡುವ ಈ ಮರಿಗಳ ಮೇಲೆ ಮಾತ್ರ. ಚರ್ಮದೊಳಗಿರುವುದಕ್ಕೂ ಪೊರೆಯೊಳಗಿರುವುದಕ್ಕೂ ಅದು ಮುಟ್ಟದು. ಮೂರನೇ ದಿನ ರವೆಯ ಕಾಳು ಮಾಯವಾದದ್ದನ್ನು ಕಂಡು 'ಗುಣವಾಯಿತು' ಎಂದು ಔಷಧಿ ನಿಲ್ಲಿಸಿದರೆ, ಅದೇ ಹೊತ್ತಿಗೆ ಜಲ್ಲಿಯೊಳಗೆ ಹೆರಿಗೆ ನಡೆಯುತ್ತಿರುತ್ತದೆ. ಹತ್ತರಿಂದ ಹದಿನಾಲ್ಕು ದಿನ ಬಿಡದೆ ಮದ್ದು ಮಾಡಬೇಕೆನ್ನುವುದು ಅದಕ್ಕೇ.

ಈ ಜೀವಿಗೆ ಬಿಸಿ ಆಗದು. ನೀರು 30 ಡಿಗ್ರಿ ದಾಟಿದರೆ ಅದರ ಬೆಳವಣಿಗೆ ಹದಗೆಡುತ್ತದೆ. ಏಪ್ರಿಲ್, ಮೇ ತಿಂಗಳ ಬಾರ್ಕೂರಿನ ಸೆಕೆಯಲ್ಲಿ ಹೀಟರ್ ಇಲ್ಲದ ತೊಟ್ಟಿಯೂ ಆ ಮಟ್ಟಕ್ಕೆ ಬರುತ್ತದೆ, ಮನುಷ್ಯರು ಬೆವರುತ್ತಿರುವಾಗ ಮೀನುಗಳು ಕ್ಷೇಮ. ಮುಂಗಾರು ಹಿಡಿದು ಆಸಾಡಿಯ ಹೊತ್ತಿಗೆ ಸೂರ್ಯನ ಮುಖ ಕಾಣದಾಗಿ ನೀರು 25ರ ಸಮೀಪಕ್ಕೆ ಇಳಿದಾಗ ಮೀನಿನ ರೋಗನಿರೋಧಕ ಬಲವೂ ಕುಗ್ಗುತ್ತದೆ, ಬಹುಮಕ್ಕಳ ಹೇನಿಗೂ ಹದವಾಗುತ್ತದೆ. ಮಳೆಗಾಲದಲ್ಲಿ ಹೊಸ ಮೀನು ತಂದು ಹಳೆಯ ತೊಟ್ಟಿಗೆ ನೇರ ಬಿಡುವಷ್ಟು ದುಬಾರಿ ಕೆಲಸ ಇನ್ನೊಂದಿಲ್ಲ. ಬೇರೆ ಬಕೆಟಿನಲ್ಲಿ ಎರಡು ವಾರ ಇಟ್ಟು ನೋಡುವುದು ಮೇಲು.

ಉಳಿದ ಹುಳುಗಳನ್ನು ಬೇಗ ಹೇಳಿ ಮುಗಿಸಬಹುದು. ಮೀನುಹೇನು ಎಂದೇ ಹೆಸರಾದ ಆರ್ಗ್ಯುಲಸ್ ಬರಿಗಣ್ಣಿಗೆ ಕಾಣುವ, ಚಪ್ಪಟೆ ಹಸಿರು ಬಿಲ್ಲೆಯಂಥ ಜೀವಿ. ಗೋಲ್ಡ್‌ಫಿಶ್, ಕೋಯಿ, ಸಾಕಿದ ರೋಹು ಕಾಟ್ಲಾಗಳಿಗೆ ಇದು ಅಂಟುತ್ತದೆ. ಚಿಮುಟದಲ್ಲಿ ಹಿಡಿದು ತೆಗೆಯಬಹುದು. ಲಂಗರುಹುಳು ಮೀನಿನ ಮೈಯಿಂದ ಹೊರಟ ದಾರದ ತುಂಡಿನಂತೆ ಜೋಲುತ್ತದೆ. ಕಾಣದ ಶತ್ರು ಗೈರೋಡ್ಯಾಕ್ಟೈಲಸ್. ಈ ಚಪ್ಪಟೆಹುಳು ಮೊಟ್ಟೆಯಿಡದೆ ಮರಿಹಾಕುತ್ತದೆ, ಹುಟ್ಟುವ ಮರಿಯ ಹೊಟ್ಟೆಯಲ್ಲಿ ಮೊಮ್ಮಗು ಆಗಲೇ ತಯಾರಿರುತ್ತದೆ. ಇದರ ಜಾತಿಯೊಂದು 1970ರ ದಶಕದಲ್ಲಿ ನಾರ್ವೆಗೆ ಹೊಕ್ಕು ಹತ್ತಾರು ನದಿಗಳ ಸಾಲ್ಮನ್ ಸಂತತಿಯನ್ನು ನಾಶಮಾಡಿತು. ಅದನ್ನು ತೊಲಗಿಸಲು ಅಲ್ಲಿಯ ಸರ್ಕಾರ ಇಡೀ ನದಿಗಳಿಗೆ ಮೀನುನಂಜು ಹರಿಸಿ ಎಲ್ಲ ಮೀನುಗಳನ್ನೂ ಕೊಲ್ಲಬೇಕಾಯಿತು. ಜಗಲಿಯ ತೊಟ್ಟಿಗೆ ಅಷ್ಟು ಬೇಕಿಲ್ಲ.

ಬೇಕಾದದ್ದು ಅನೇಕ ಸಲ ಉಪ್ಪಷ್ಟೇ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಜಲ್ಲಿ ಕಳೆದು ಸುಮಾರು 50 ಲೀಟರ್ ನೀರು. ಲೀಟರಿಗೆ 2 ಗ್ರಾಂ ಲೆಕ್ಕದಲ್ಲಿ 100 ಗ್ರಾಂ ಕಲ್ಲುಪ್ಪು ಸಾಕು. ಒಂದೇ ಸಲಕ್ಕೆ ಸುರಿಯದೆ, ತೊಟ್ಟಿಯದೇ ನೀರಿನಲ್ಲಿ ಕರಗಿಸಿ ಒಂದೆರಡು ದಿನದಲ್ಲಿ ಮೂರ್ನಾಲ್ಕು ಕಂತಿನಲ್ಲಿ ಹಾಕಬೇಕು. ತೊಟ್ಟಿಯಲ್ಲಿ ಗಿಡಗಳಿದ್ದರೆ ಬಾಡುತ್ತವೆ, ಹುರುಪೆಯಿಲ್ಲದ ಬೆಕ್ಕುಮೀನುಗಳಿಗೆ ಉಪ್ಪು ಅಷ್ಟಾಗಿ ಹಿಡಿಸದು. 'ಉಪ್ಪು ತಿಂದವ ನೀರು ಕುಡಿಯಲೇಬೇಕು' ಎಂಬ ಗಾದೆ ಸಮುದ್ರದ ಮೀನಿನ ಮಟ್ಟಿಗೆ ಅಕ್ಷರಶಃ ನಿಜ, ಅದು ದಿನವಿಡೀ ನೀರು ಕುಡಿಯುತ್ತದೆ. ಸಿಹಿನೀರಿನ ಮೀನು ಕುಡಿಯುವುದೇ ಇಲ್ಲವೆಂಬಷ್ಟು ಕಡಿಮೆ. ಅದರ ಮೈಯೊಳಗೆ ಹೊರಗಿಗಿಂತ ಹೆಚ್ಚು ಉಪ್ಪಿರುವುದರಿಂದ ನೀರು ತಾನಾಗಿ ನುಗ್ಗುತ್ತಿರುತ್ತದೆ, ಅದನ್ನು ಹೊರಹಾಕುವುದೇ ಅದಕ್ಕೆ ದೊಡ್ಡ ದುಡಿಮೆ. ಚರ್ಮ ಕೆರೆದುಹೋದ ಮೀನಿಗಂತೂ ಇಮ್ಮಡಿ ದುಡಿಮೆ. ನೀರಿಗೆ ತುಸು ಉಪ್ಪು ಬಿದ್ದರೆ ಆ ಭಾರ ಇಳಿಯುತ್ತದೆ. ಗೋಡೆ ತೆಳುವಾದ ಪುಟಾಣಿ ಪರಾವಲಂಬಿಗಳು ಸೊರಗುತ್ತವೆ. ಮ್ಯಾಲಕೈಟ್ ಗ್ರೀನ್, ಮಿಥಿಲೀನ್ ಬ್ಲೂ ಬಾಟಲಿಗಳನ್ನು ಕೊಳ್ಳುವುದು ಇದಾದ ಮೇಲೆ. ಮಿಥಿಲೀನ್ ಬ್ಲೂ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಹೊಡೆಯುತ್ತದೆ, ಆಗ ಅಮೋನಿಯಾದ ಕತೆ ಮೊದಲಿನಿಂದ ಶುರು.

ಉಪ್ಪಿಗೂ ಸಿಹಿಗೂ ಹೊಯ್ದಾಡುವ ನೀರು ಬಾರ್ಕೂರಿಗೆ ಹೊಸದಲ್ಲ. ಊರ ಪಕ್ಕದ ಸೀತಾ ನದಿ ಕೆಳಗೆ ಹಂಗಾರಕಟ್ಟೆ, ಕೋಡಿ ಬೆಂಗ್ರೆಯ ಬಳಿ ಸ್ವರ್ಣಾ ನದಿಯ ಜೊತೆ ಕಡಲು ಸೇರುತ್ತದೆ. ಬೇಸಿಗೆಯಲ್ಲಿ ಭರತದ ಜೊತೆ ಉಪ್ಪುನೀರು ಮೇಲಕ್ಕೇರಿ ಹೊಳೆಬದಿಯ ಬಾವಿಗಳ ರುಚಿಯನ್ನೂ ಕೆಡಿಸುತ್ತದೆ, ಮಳೆಗಾಲದಲ್ಲಿ ಹೊಳೆಯೆಲ್ಲ ಸಿಹಿ. ಈ ಎರಡಕ್ಕೂ ಒಗ್ಗಿದ ಮೀನು ಇರ್ಪೆ, ಕೇರಳದವರ ಕರಿಮೀನು. 2010ರಲ್ಲಿ ಕೇರಳ ಇದನ್ನು ರಾಜ್ಯದ ಮೀನೆಂದು ಘೋಷಿಸಿಕೊಂಡಿತು. ಇದರ ಹತ್ತಿರದ ನೆಂಟ, ಅಂಗೈಗಿಂತ ಚಿಕ್ಕದಾದ ಹಳದಿ ಬಣ್ಣದ ಆರೆಂಜ್ ಕ್ರೊಮೈಡ್ ಅಕ್ವೇರಿಯಂ ಲೋಕದಲ್ಲಿ ಪ್ರಸಿದ್ಧ. ಮೂರನೆಯ ನೆಂಟನೊಬ್ಬ ನಮ್ಮದೇ ಜಿಲ್ಲೆಯ ಹೆಸರು ಹೊತ್ತವನು, ಫ್ರಾನ್ಸಿಸ್ ಡೇ 1877ರಲ್ಲಿ ವರ್ಣಿಸಿದ ಎಟ್ರೊಪ್ಲಸ್ ಕೆನರೆನ್ಸಿಸ್. ಹಳೆಯ ದಕ್ಷಿಣ ಕೆನರಾದ ಹೊಳೆಗಳೇ ಅದರ ತವರು, ಅಳಿವಿನಂಚಿನ ಪಟ್ಟಿಯಲ್ಲೂ ಅದಿದೆ.

ಇರ್ಪೆಯ ಮೈಮೇಲೆ ಸಾಲಾಗಿ ಮುತ್ತಿನಂಥ ಬಿಳಿ ಚುಕ್ಕೆಗಳಿರುತ್ತವೆ. ಹುಟ್ಟಿನಿಂದಲೇ ಬಂದವು. ಮರಿಯನ್ನು ತೊಟ್ಟಿಗೆ ತಂದು, 'ವೈಟ್ ಸ್ಪಾಟ್' ಎಂದು ಹೆದರಿ ಮದ್ದು ಹಾಕುವವರೂ ಉಂಟು. ಬೆದೆಗೆ ಬಂದ ಗಂಡು ಗೋಲ್ಡ್‌ಫಿಶ್‌ನ ಕಿವಿರಿನ ಮುಚ್ಚಳದ ಮೇಲೆ ಏಳುವ ಬಿಳಿ ಗುಳ್ಳೆಗಳಿಗೂ ಇದೇ ಪಾಡು. ಮದುಮಗನನ್ನು ರೋಗಿಯೆಂದು ಆಸ್ಪತ್ರೆಗೆ ಸೇರಿಸಿದಂತೆ.

ಆದರೆ ಈ ನೆಂಟರ ಬಳಿ ತುರಿಕೆಗೆ ಬೇರೆಯದೇ ಏರ್ಪಾಡಿದೆ. ರಿಚರ್ಡ್ ವೈಮನ್ ಮತ್ತು ಜಾಕ್ ವಾರ್ಡ್ ಎಂಬ ಅಮೆರಿಕದ ಸಂಶೋಧಕರು 1972ರಲ್ಲಿ 'ಕೋಪಿಯಾ' ಪತ್ರಿಕೆಯಲ್ಲಿ ಬರೆದಂತೆ, ಆರೆಂಜ್ ಕ್ರೊಮೈಡ್‌ಗಳು ದೊಡ್ಡ ಇರ್ಪೆಗಳ ಮೈಯನ್ನು ಕೊಕ್ಕಿ ಶುಚಿಮಾಡುತ್ತವೆ. ಹವಳದ ದಿಬ್ಬಗಳ ಸಮುದ್ರದಲ್ಲಿ ಇಂಥ ಕ್ಷೌರಿಕ ಮೀನುಗಳ ಅಂಗಡಿಯೇ ಇರುತ್ತದೆ. ಹಿನ್ನೀರಿನ ಮೀನುಗಳಲ್ಲಿ ಇದು ಅಪರೂಪದ ವರ್ತನೆ. ಇದೇ ಜಾಕ್ ವಾರ್ಡ್, ಜಾರ್ಜ್ ಬಾರ್ಲೋ ಜೊತೆ 1967ರಲ್ಲಿ ಇನ್ನೊಂದು ಸಂಗತಿಯನ್ನು ವರದಿ ಮಾಡಿದ್ದರು. ಆರೆಂಜ್ ಕ್ರೊಮೈಡ್‌ನ ಮರಿಗಳು ಅಪ್ಪ ಅಮ್ಮನ ಪಕ್ಕೆಗೆ ನುಗ್ಗಿ, ಮೈ ತಾಗಿಸಿ, ಚಿಮ್ಮಿ ಹಿಂದಕ್ಕೆ ಹಾರುತ್ತವೆ. ದೂರದಿಂದ ನೋಡಿದರೆ ಥೇಟ್ ತುರಿಕೆಯ ಉಜ್ಜಾಟ. ಮರಿಗಳು ಮಾಡುತ್ತಿರುವುದು ಊಟ: ಹೆತ್ತವರ ಮೈಯ ಲೋಳೆಯನ್ನು ಕೊಂಚ ಕೊಂಚವೇ ಕಿತ್ತು ತಿನ್ನುತ್ತವೆ, ಹೆತ್ತವರು ಅಲುಗಾಡದೆ ನಿಂತುಕೊಡುತ್ತಾರೆ.

ಹೊಳೆಯಂಚಿನ ಗದ್ದೆಯ ತೋಡಿನಿಂದ ಹಳದಿ ಜೋಡಿಯೊಂದನ್ನು ತಂದು ಸಾಕಿದವರ ತೊಟ್ಟಿಯಲ್ಲಿ ಕೆಲವು ತಿಂಗಳ ಮೇಲೆ ಈ ನೋಟ ಸಿಗಬಹುದು. ಹೂಕುಂಡದ ಚೂರಿನ ಪಕ್ಕ ಎರಡು ದೊಡ್ಡವು ನಿಂತಿರುತ್ತವೆ, ಸುತ್ತ ಜೀರಿಗೆ ಗಾತ್ರದ ನೂರಾರು ಮರಿಗಳು ಮೈಗೆ ತಾಕಿ ತಾಕಿ ಹಾರುತ್ತಿರುತ್ತವೆ. ಉಪ್ಪಿನ ಡಬ್ಬಿಯನ್ನು ಅಡುಗೆಮನೆಯಲ್ಲೇ ಬಿಡಬಹುದು.